ಕಲಾವಂತಿಣ್ ದುರ್ಗವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯಬಹುದೇ? ತುದಿಯ ಬಂಡೆಗೆ ಹಗ್ಗ ಬೇಕೇ?

ಮಹಾರಾಷ್ಟ್ರದ ಪನ್ವೇಲ್ ಬಳಿಯ ಈ ಕಡಿದಾದ ಬೆಟ್ಟಕ್ಕೆ ಡೊಂಬಿವಲಿಯಿಂದ ನಾಲ್ವರು ಮಾರ್ಚ್‌ನಲ್ಲಿ ಹೊರಟಿದ್ದೀರಿ, ಒಬ್ಬರಿಗೆ ಇದೇ ಮೊದಲ ಬೆಟ್ಟ, ಹಗ್ಗ ಒಯ್ಯಬೇಕೇ ಎಂದು ಕೇಳಿದ್ದೀರಿ. ಒಂದು ದಿನ ಧಾರಾಳವಾಗಿ ಸಾಕು. ಹಗ್ಗಕ್ಕಿಂತ ಮೊದಲು ಇಳಿಯುವುದರ ಬಗ್ಗೆ ಯೋಚಿಸಿ. ಈ ಬೆಟ್ಟ ಹತ್ತುವಾಗ ಧೈರ್ಯ ಕೊಟ್ಟು, ಇಳಿಯುವಾಗ ಅದನ್ನು ವಾಪಸ್ ಕಿತ್ತುಕೊಳ್ಳುತ್ತದೆ.

ಠಾಣೆ ರೈಲು ನಿಲ್ದಾಣಕ್ಕೆ ಬಂದು ಪನ್ವೇಲ್ ಲೋಕಲ್ ಹಿಡಿಯಿರಿ. ಪನ್ವೇಲ್‌ನಿಂದ ಶೇಡುಂಗ್ ಮೇಲೆ ಬೆಟ್ಟದ ಬುಡದ ಊರು ಠಾಕೂರ್‌ವಾಡಿಗೆ ರಿಕ್ಷಾ ಮಾಡಿಕೊಳ್ಳುವುದೇ ವಾಸಿ, ಬಸ್ಸುಗಳು ಕಡಿಮೆ. ಬೆಳಗ್ಗೆ 7ರೊಳಗೆ ಠಾಕೂರ್‌ವಾಡಿಯಲ್ಲಿ ನಡೆಯಲು ಶುರು ಮಾಡಿದರೆ ಒಂದೂವರೆಯಿಂದ ಎರಡು ತಾಸಿಗೆ ನಡುಬೆಟ್ಟದ ಊರು ಪ್ರಬಳ್‌ಮಾಚಿ. ದಾರಿಯಲ್ಲಿ ಬಂಡೆಯಲ್ಲಿ ಕೆತ್ತಿದ ಗಣಪತಿ, ಹನುಮಂತ ಸಿಕ್ಕರೆ ಮಾಚಿ ಹತ್ತಿರ ಬಂತೆಂದು ತಿಳಿಯಿರಿ. ಅಲ್ಲಿಂದ ಮುಕ್ಕಾಲು ತಾಸಿನ ಏರು ನಿಮ್ಮನ್ನು ಪಕ್ಕದ ಕೋಟೆ ಪ್ರಬಳಗಡ ಮತ್ತು ಕಲಾವಂತಿಣ್ ನಡುವಿನ ಕಣಿವೆಯ ಬಾಯಿಗೆ ತರುತ್ತದೆ. ಬಂಡೆಯಲ್ಲಿ ಕೊರೆದ ಮೆಟ್ಟಿಲು ಶುರುವಾಗುವುದು ಅಲ್ಲಿ. ತುದಿ ಸುಮಾರು 2,250 ಅಡಿ.

ಮಾರ್ಚ್‌ನಲ್ಲಿ ಸಹ್ಯಾದ್ರಿ ಬೋಳು. ಹುಲ್ಲು ಒಣಗಿ, ಮಣ್ಣು ಪುಡಿಯಾಗಿ, ಅದರ ಮೇಲೆ ಸಣ್ಣ ಗರಸು ಕೂತಿರುತ್ತದೆ. ಮರಾಠಿ ಚಾರಣಿಗರು ಇದನ್ನು ಘಸಾರಾ ಅನ್ನುತ್ತಾರೆ. ಗೋಲಿಗಳ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ಕಣಿವೆಯ ಏರಿನಲ್ಲಿ ಇದು ಹೆಚ್ಚು. ಇಳಿಯುವಾಗ ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರಿ ಕೂತೇ ಬಿಡುತ್ತೀರಿ. ಮಂಡಿ ಸ್ವಲ್ಪ ಬಗ್ಗಿಸಿ, ಮೈಭಾರ ಪಾದದ ನೇರಕ್ಕೆ ಇಟ್ಟು, ಸಣ್ಣ ಸಣ್ಣ ಹೆಜ್ಜೆ ಹಾಕಿ. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಬರಬೇಡಿ. ಕಲ್ಲು ಉರುಳಿದರೆ ‘ಕಲ್ಲು’ ಎಂದು ಜೋರಾಗಿ ಕೂಗಿ. ಕೆಳಗಿನವರು ತಲೆ ಎತ್ತಿ ನೋಡದೆ ಬಂಡೆಗೆ ಒತ್ತಿಕೊಳ್ಳಲಿ.

ಮೆಟ್ಟಿಲುಗಳಿಗೆ ಕಟಾಂಜನ ಇಲ್ಲ. ಕೆಲವು ಮಂಡಿಯೆತ್ತರ, ಕೆಲವು ನಡುವೆ ಸವೆದು ಹೊರಗೆ ಇಳಿಜಾರಾಗಿವೆ. ಗೋಡೆಯ ಬದಿಗೇ ನಡೆಯಿರಿ. ಎದುರಿನಿಂದ ಜನ ಬಂದರೆ ಗೋಡೆಯ ಬದಿ ಬಿಟ್ಟುಕೊಡಬೇಡಿ, ಅಗಲವಾದ ತಿರುವಿನಲ್ಲಿ ನಿಂತು ಕಾಯಿರಿ. ಭಾನುವಾರ ಈ ಕಾಯುವಿಕೆಯಲ್ಲೇ ತಾಸು ಹೋಗುತ್ತದೆ, ಅಷ್ಟು ಹೊತ್ತು ಬಿಸಿಲಲ್ಲಿ ಬೇಯುತ್ತೀರಿ. ಸಾಧ್ಯವಾದರೆ ವಾರದ ದಿನ ಹೋಗಿ.

ಮೆಟ್ಟಿಲು ಮುಗಿದ ಮೇಲೆ ತುದಿಗೆ ಸುಮಾರು 20 ಅಡಿಯ ಬಂಡೆ. ಕೈಕಾಲು ನಾಲ್ಕರಲ್ಲಿ ಮೂರು ಸದಾ ಬಂಡೆಯ ಮೇಲಿರಲಿ, ಒಂದು ಮಾತ್ರ ಸರಿಯಲಿ. ಹಿಡಿಯುವ ಕಲ್ಲನ್ನು ಮೊದಲು ಅಂಗೈಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಇದು ಬಸಾಲ್ಟ್, ಲಾವಾ ಪದರ ಪದರವಾಗಿ ಹರಿದು ಆದ ಕಲ್ಲು. ಗಟ್ಟಿ ಪದರದ ಪಕ್ಕದಲ್ಲೇ ಮೆದು ಪದರವಿದ್ದು ಚಕ್ಕೆ ಏಳುತ್ತದೆ. ಹಿಡಿತವನ್ನು ನಿಮ್ಮ ಕಡೆಗೆ ಎಳೆಯಬೇಡಿ, ಕೆಳಮುಖವಾಗಿ ಒತ್ತಿ. ಭಯವಾದಾಗ ಮನುಷ್ಯ ಬಂಡೆಯನ್ನು ತಬ್ಬಿಕೊಳ್ಳುತ್ತಾನೆ. ಹಾಗೆ ತಬ್ಬಿದೊಡನೆ ಪಾದ ಕಾಣುವುದಿಲ್ಲ, ಭಾರ ಕಾಲಿನಿಂದ ಕೈಗೆ ಬರುತ್ತದೆ, ಎರಡು ನಿಮಿಷಕ್ಕೆ ಮುಂಗೈ ಸೋತುಹೋಗುತ್ತದೆ. ಸೊಂಟ ಸ್ವಲ್ಪ ಹೊರಗಿಟ್ಟು ಕಾಲಿನ ಮೇಲೆ ನಿಲ್ಲಿ. ಮಂಡಿಯೂರಬೇಡಿ, ಊರಿದ ಮಂಡಿಯಿಂದ ಎದ್ದು ನಿಲ್ಲುವುದು ಬಹಳ ಕಷ್ಟ.

ಇಳಿಯುವಾಗ ಬಂಡೆಗೆ ಮುಖ ಮಾಡಿಯೇ ಇಳಿಯಿರಿ. ಹತ್ತುವಾಗ ಕಣ್ಣಮುಂದಿದ್ದ ಕಾಲಿಡುವ ಜಾಗ ಈಗ ಮರೆಯಾಗಿರುತ್ತದೆ. ನಿಮ್ಮಲ್ಲಿ ಅನುಭವಿ ಮೊದಲು ಇಳಿದು, ಬುಡದಲ್ಲಿ ಪಕ್ಕಕ್ಕೆ ನಿಂತು, ‘ಎಡಗಾಲು ಇನ್ನರ್ಧ ಅಡಿ ಕೆಳಗೆ, ಸ್ವಲ್ಪ ಬಲಕ್ಕೆ’ ಎಂದು ಹೇಳುತ್ತಿರಲಿ. ಹೊಸಬರನ್ನು ಎರಡನೆಯವರಾಗಿ ಇಳಿಸಿ, ಕೊನೆಗೆ ಉಳಿಸಬೇಡಿ. ಬ್ಯಾಗು ಬುಡದಲ್ಲೇ ಇರಲಿ. ಹತ್ತುವ ಮೊದಲೇ ಹೊಸಬರಿಗೆ ಐದು ಅಡಿ ಹತ್ತಿಸಿ, ಹಾಗೇ ಇಳಿಸಿ ನೋಡಿ. ಆ ಐದು ಅಡಿ ಇಳಿಯಲು ಕಾಲು ನಡುಗಿದರೆ ಅವರು ಅಲ್ಲಿಗೇ ನಿಲ್ಲಲಿ, ಜೊತೆಗೊಬ್ಬರು ಇರಲಿ. ಮಾಥೇರಾನ್, ಇರ್ಶಾಳಗಡ ಬೆಟ್ಟಗಳು ಬಂಡೆಯ ಬುಡದಿಂದಲೂ ಚೆನ್ನಾಗಿ ಕಾಣುತ್ತವೆ.

ಇನ್ನು ಹಗ್ಗ. ಅಲ್ಲಿ ಯಾರೋ ಕಟ್ಟಿಟ್ಟ ಹಗ್ಗ ಇದ್ದರೆ ಸಮತೋಲಕ್ಕೆ ಮುಟ್ಟಿಕೊಳ್ಳಿ, ಮೈಭಾರ ಹಾಕಬೇಡಿ. ಬಿಸಿಲಿಗೆ ನೈಲಾನ್ ಒಳಗೊಳಗೇ ಜೀರ್ಣವಾಗಿರುತ್ತದೆ, ಬಂಡೆಯಂಚಿನಲ್ಲಿ ಉಜ್ಜಿ ಎಳೆ ಹರಿದಿರುತ್ತದೆ. ಗಂಟು ಎಲ್ಲಿ ಕಟ್ಟಿದೆ ಎಂಬುದು ಕೆಳಗಿನಿಂದ ಕಾಣುವುದೂ ಇಲ್ಲ. ನಿಮ್ಮದೇ ಹಗ್ಗ ಒಯ್ದರೂ ಗಟ್ಟಿ ಆಧಾರಕ್ಕೆ ಕಟ್ಟಲು, ಹಿಡಿದು ನಿಲ್ಲಲು ಕಲಿತವರು ಜೊತೆಗಿಲ್ಲದಿದ್ದರೆ ಅದು ಅಪಾಯವೇ. ಮೇಲೆ ನಿಂತು ಬರಿಗೈಯಲ್ಲಿ ಹಗ್ಗ ಹಿಡಿದವನನ್ನು ಬೀಳುವವನು ಎಳೆದುಕೊಂಡೇ ಬೀಳುತ್ತಾನೆ. ನಾಲ್ವರಲ್ಲಿ ಯಾರೂ ಕಲಿತಿಲ್ಲವಾದರೆ ಪ್ರಬಳ್‌ಮಾಚಿಯಲ್ಲಿ ಊರಿನ ಹುಡುಗನೊಬ್ಬನನ್ನು ಗೈಡ್ ಆಗಿ ಕರೆದುಕೊಳ್ಳಿ. ಆ ದುಡ್ಡು ಹಗ್ಗಕ್ಕಿಂತ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ನೀರು ತಲೆಗೆ 4 ಲೀಟರ್ ಬೇಕು. 3 ಹೊತ್ತುಕೊಂಡು ಹೋಗಿ, ಮಾಚಿಯ ಮನೆಗಳಲ್ಲಿ ತುಂಬಿಸಿಕೊಳ್ಳಿ, ಅದರ ಮೇಲೆ ಎಲ್ಲೂ ಸಿಗುವುದಿಲ್ಲ. ತಲೆಗೆ ಎರಡು ಓಆರ್‌ಎಸ್ ಪೊಟ್ಟಣ ಇರಲಿ. ದೊಡ್ಡ ಪೊಟ್ಟಣವನ್ನು ಪೂರಾ ಒಂದು ಲೀಟರಿಗೇ ಕಲಸಿ, ಅರ್ಧ ಲೀಟರಿಗೆ ಕಲಸಿದರೆ ಉಪ್ಪು ಅತಿಯಾಗುತ್ತದೆ. ಯಾರಾದರೂ ತಡವರಿಸಿ ಮಾತಾಡಿದರೆ, ನೆಟ್ಟಗೆ ನಡೆಯದಿದ್ದರೆ ಅದು ಬರೀ ಸುಸ್ತಲ್ಲ. ನೆರಳಿಗೆ ಒಯ್ದು, ಕತ್ತು ಕಂಕುಳು ಒದ್ದೆ ಮಾಡಿ, ಗಾಳಿ ಹಾಕಿ, 112ಕ್ಕೆ ಕರೆ ಮಾಡಿ.

ಶೂ ಹಳೆಯದಾದರೆ ಹಿಂದಿನ ದಿನ ಅಟ್ಟೆಯನ್ನು ಕೈಯಿಂದ ಎಳೆದು ನೋಡಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಶೂವಿನ ಅಂಟು ಬಿಸಿ ಬಂಡೆಯ ಮೇಲೆಯೇ ಬಿಡುವುದು. ಅಟ್ಟೆ ಕಿತ್ತರೆ ಕಟ್ಟಿಕೊಳ್ಳಲು ಒಂದು ಮೀಟರ್ ನೈಲಾನ್ ದಾರ ಜೇಬಿನಲ್ಲಿರಲಿ.

10:30ರೊಳಗೆ ಮೆಟ್ಟಿಲಿನ ಬುಡ ಮುಟ್ಟದಿದ್ದರೆ ಆ ದಿನಕ್ಕೆ ತುದಿ ಬಿಟ್ಟುಬಿಡಿ. ನಡುಹಗಲಿಗೆ ಕಲ್ಲು ಕಾದು, ಅಂಗೈ ಬೆವತು ಹಿಡಿತ ಜಾರುತ್ತದೆ. ಮಾರ್ಚ್ ತಪ್ಪಿ ಮಳೆಗಾಲಕ್ಕೆ ಮುಂದೂಡುವ ಯೋಚನೆ ಮಾತ್ರ ಬೇಡ. ಪಾಚಿ ಹಿಡಿದ ಈ ಮೆಟ್ಟಿಲುಗಳ ಮೇಲೆ ಯಾವ ಶೂವೂ ನಿಲ್ಲದು. ನೆರೆಯ ಇರ್ಶಾಳಗಡದ ಬುಡದ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದದ್ದು 2023ರ ಜುಲೈ 19ರ ರಾತ್ರಿ, ಮಳೆಯಲ್ಲೇ. ಮುಂದೂಡುವುದಾದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ವಾಪಸ್ ಬರುವ ರಿಕ್ಷಾವನ್ನು ಬೆಳಗ್ಗೆಯೇ 3 ಗಂಟೆಗೆ ಬರಲು ಹೇಳಿ, ಚಾಲಕನ ನಂಬರ್ ಇಟ್ಟುಕೊಳ್ಳಿ. ಠಾಕೂರ್‌ವಾಡಿಯಲ್ಲಿ ನಿಂತು ಹುಡುಕಿದರೆ ಸಿಗುವುದು ಕಷ್ಟ.