ಮೊದಲ ನಮೂದು ಬರೆದವರು ಯಾರು?

ಪ್ರಿಯ ಲೇಖಕರಿಗೆ,

ನಮಸ್ಕಾರ. ನೀವು ಕಳುಹಿಸಿದ ‘ಪೂರೈಕೆ ಸರಪಳಿಯಲ್ಲಿ ಡಿಜಿಟಲ್ ಕ್ರಾಂತಿ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ವಿಷಯ ದೊಡ್ಡದು, ಕನ್ನಡದಲ್ಲಿ ಅದರ ಬಗ್ಗೆ ಗಟ್ಟಿಯಾದ ಬರಹ ತೀರಾ ಕಡಿಮೆ. ಅದನ್ನು ಬರೆಯಲು ಬೇಕಾದ ತಿಳಿವಳಿಕೆ ನಿಮಗೆ ಮನೆಯಲ್ಲಿಯೂ ಸಿಗುತ್ತದೆ, ಕೆಲಸದಲ್ಲಿಯೂ ಸಿಗುತ್ತದೆ. ಹಾಗಾಗಿ ಮುಲಾಜಿಲ್ಲದೆ, ವಿವರವಾಗಿ ಬರೆಯುತ್ತಿದ್ದೇನೆ.

ಬ್ಲಾಕ್‌ಚೈನ್ (ಹಲವರು ಹಂಚಿಕೊಂಡು ಇಡುವ ಡಿಜಿಟಲ್ ಲೆಕ್ಕದ ಪುಸ್ತಕ), ವಸ್ತುಗಳ ಅಂತರ್ಜಾಲ (ಇಂಟರ್ನೆಟ್‌ಗೆ ಜೋಡಿಸಿದ ಯಂತ್ರ, ಸಂವೇದಕಗಳು), ಕೃತಕ ಬುದ್ಧಿಮತ್ತೆ, ಡಿಜಿಟಲ್ ಅವಳಿ (ನಿಜವಾದ ವ್ಯವಸ್ಥೆಯ ಕಂಪ್ಯೂಟರ್ ಪ್ರತಿರೂಪ), ಡ್ರೋನ್ ಎಂದು ಐದು ತಂತ್ರಜ್ಞಾನಗಳನ್ನು ಒಂದರ ಹಿಂದೆ ಒಂದರಂತೆ ಪರಿಚಯಿಸಿದ್ದೀರಿ. ಪ್ರತಿಯೊಂದರ ಕೊನೆಗೂ ಪಾರದರ್ಶಕತೆ ಹೆಚ್ಚುತ್ತದೆ, ವೆಚ್ಚ ತಗ್ಗುತ್ತದೆ, ಮಧ್ಯವರ್ತಿಗಳು ಇಲ್ಲವಾಗುತ್ತಾರೆ ಎಂಬ ಭರವಸೆ ಇದೆ. ಇಡೀ ಲೇಖನದಲ್ಲಿ ಒಂದು ಮಾವಿನ ಹಣ್ಣನ್ನು ಬಿಟ್ಟರೆ ಸರಕೇ ಇಲ್ಲ. ಯಾರ ಸರಕು, ಎಲ್ಲಿಂದ ಹೊರಟಿತು, ಎಲ್ಲಿ ಕೈ ಬದಲಾಯಿತು, ಯಾರಿಗೆ ಎಷ್ಟು ಹಣ ಯಾವಾಗ ಸಿಕ್ಕಿತು ಎಂಬುದು ಓದುಗರಿಗೆ ತಿಳಿಯುವುದಿಲ್ಲ.

ನಿಮ್ಮ ಕ್ರಿಯಾಪದಗಳನ್ನು ಒಮ್ಮೆ ನೋಡಿಕೊಳ್ಳಿ. ‘ದತ್ತಾಂಶವನ್ನು ದಾಖಲಿಸಲಾಗುತ್ತದೆ’, ‘ಮಾಹಿತಿಯನ್ನು ಹಂಚಿಕೊಳ್ಳಲಾಗುತ್ತದೆ’, ‘ಗುಣಮಟ್ಟವನ್ನು ಖಾತರಿಪಡಿಸಲಾಗುತ್ತದೆ’. ದಾಖಲಿಸುವವರು ಯಾರು? ಖಾತರಿ ಕೊಡುವವರು ಯಾರು? ಶೈಲಿಯ ಬಗ್ಗೆ ತಕರಾರು ತೆಗೆಯಲು ನಾನು ಇದನ್ನು ಹೇಳುತ್ತಿಲ್ಲ. ಈ ವಿಷಯದಲ್ಲಿ ಕರ್ತೃವನ್ನು ಬಿಟ್ಟು ಬರೆದರೆ ಲೇಖನದ ಮುಖ್ಯ ಪ್ರಶ್ನೆಯೇ ಕೈತಪ್ಪುತ್ತದೆ. ಸರಕು ಅಂಕಿಯಾಗಿ ಬದಲಾಗುವ ಒಂದು ಜಾಗ ಇರುತ್ತದೆ. ಅಲ್ಲಿ ಒಬ್ಬ ಮನುಷ್ಯ ಅಥವಾ ಒಂದು ಯಂತ್ರ ಮೊದಲ ನಮೂದನ್ನು ಬರೆಯುತ್ತದೆ. ಅಲ್ಲಿಂದ ಮುಂದೆ ಎಷ್ಟೇ ಭದ್ರವಾದ ತಂತ್ರಾಂಶವಿದ್ದರೂ ಅದು ಆ ನಮೂದನ್ನು ಹೊತ್ತು ಸಾಗುತ್ತದೆ ಅಷ್ಟೇ, ಅದು ನಿಜವೋ ಸುಳ್ಳೋ ಎಂದು ಹೇಳುವುದಿಲ್ಲ. ಬ್ಲಾಕ್‌ಚೈನ್‌ನಲ್ಲಿ ಸೇರಿದ್ದನ್ನು ತಿದ್ದಲು ಆಗುವುದಿಲ್ಲ ಎಂದು ನೀವು ಹೆಮ್ಮೆಯಿಂದ ಬರೆದಿದ್ದೀರಿ. ತಪ್ಪು ಸೇರಿದರೆ ಅದೂ ಹಾಗೆಯೇ ಉಳಿಯುತ್ತದೆ.

ಈಗ ನಿಮ್ಮ ಮಾವಿನ ಹಣ್ಣಿಗೆ ಬರುತ್ತೇನೆ. ವಾಲ್‌ಮಾರ್ಟ್ ಮತ್ತು ಐಬಿಎಂ ನಡೆಸಿದ ಪ್ರಯೋಗದಲ್ಲಿ, ಹೆಚ್ಚಿಟ್ಟ ಮಾವಿನ ಹಣ್ಣಿನ ಪೊಟ್ಟಣ ಯಾವ ತೋಟದಿಂದ ಬಂದಿತೆಂದು ಪತ್ತೆ ಹಚ್ಚಲು ಮೊದಲು ಸುಮಾರು 7 ದಿನ ಹಿಡಿಯಿತು, ಬ್ಲಾಕ್‌ಚೈನ್ ಬಂದ ಮೇಲೆ 2.2 ಸೆಕೆಂಡ್ ಸಾಕಾಯಿತು. ಅಂಕಿ ಸರಿಯಾಗಿದೆ. ಆದರೆ ಆ 2.2 ಸೆಕೆಂಡ್ ಯಾವುದರ ಅಳತೆ? ಎಲ್ಲರೂ ಮೊದಲೇ ತುಂಬಿಸಿಟ್ಟ ಮಾಹಿತಿಯನ್ನು ಹುಡುಕಿ ತೆಗೆಯಲು ಬೇಕಾದ ಸಮಯ ಅದು. ಮೆಕ್ಸಿಕೊದ ತೋಟದಲ್ಲಿ, ಪ್ಯಾಕಿಂಗ್ ಶೆಡ್ಡಿನಲ್ಲಿ, ಶೀತಲ ಗೋದಾಮಿನಲ್ಲಿ ಆ ಮಾಹಿತಿಯನ್ನು ತುಂಬಿದವರ ಶ್ರಮ ಅದರೊಳಗೆ ಲೆಕ್ಕಕ್ಕೆ ಬಂದಿಲ್ಲ. ಅಷ್ಟೂ ಮಂದಿ ತುಂಬುವಂತೆ ಮಾಡಲು ಬೇಕಾದ ಬಲವೂ ಲೆಕ್ಕಕ್ಕೆ ಬಂದಿಲ್ಲ. 2018ರಲ್ಲಿ ವಾಲ್‌ಮಾರ್ಟ್ ತನಗೆ ಸೊಪ್ಪು ಪೂರೈಸುವವರೆಲ್ಲ ಈ ವ್ಯವಸ್ಥೆಗೆ ಸೇರಲೇಬೇಕೆಂದು ಪತ್ರ ಬರೆಯಿತು. ಅಷ್ಟು ದೊಡ್ಡ ಗಿರಾಕಿಗೆ ಇಲ್ಲವೆನ್ನುವ ಧೈರ್ಯ ಎಷ್ಟು ಮಂದಿಗಿರುತ್ತದೆ? ತಂತ್ರಜ್ಞಾನ ಗೆದ್ದಿತು ಎನ್ನುವಾಗ ಗಿರಾಕಿಯ ಗಾತ್ರದ ಪಾಲೆಷ್ಟು ಎಂದು ನೀವು ಕೇಳಲೇಬೇಕಿತ್ತು.

ಇನ್ನೊಂದು ಕಡೆ ನೇರವಾಗಿ ತಪ್ಪಿದೆ. ಹಡಗು ಕಂಪನಿ ಮೇರ್ಸ್ಕ್ ಮತ್ತು ಐಬಿಎಂ ಸೇರಿ ಕಟ್ಟಿದ ಟ್ರೇಡ್‌ಲೆನ್ಸ್ ವೇದಿಕೆ ‘ಇಂದು ಜಾಗತಿಕ ಹಡಗು ಸಾಗಣೆಯ ಬೆನ್ನೆಲುಬಾಗುತ್ತಿದೆ’ ಎಂದು ಬರೆದಿದ್ದೀರಿ. ಅದನ್ನು ನಿಲ್ಲಿಸುವುದಾಗಿ ಆ ಕಂಪನಿಗಳೇ 2022ರ ನವೆಂಬರ್‌ನಲ್ಲಿ ಪ್ರಕಟಿಸಿದವು, 2023ರ ಆರಂಭದಲ್ಲಿ ಅದು ಮುಚ್ಚಿತು. ಹಳೆಯ ಲೇಖನವೊಂದನ್ನು ನಂಬಿ ಬರೆದಿದ್ದೀರಿ ಎಂಬುದು ಸ್ಪಷ್ಟ. ಇಂಥ ತಪ್ಪು ಅಚ್ಚಾದರೆ ಓದುಗರು ಉಳಿದ ಯಾವ ಅಂಕಿಯನ್ನೂ ನಂಬುವುದಿಲ್ಲ. ಬರೀ ಕಾಲ ತಿದ್ದಿ ಸುಮ್ಮನಾಗಬೇಡಿ, ಯಾಕೆ ಮುಚ್ಚಿತು ಎಂದು ಬೆನ್ನು ಹತ್ತಿ. ಸ್ಪರ್ಧಿಯೊಬ್ಬ ಪಾಲುದಾರನಾಗಿರುವ ವೇದಿಕೆಗೆ ತಮ್ಮ ವ್ಯವಹಾರದ ಮಾಹಿತಿ ಕೊಡಲು ಉಳಿದ ಹಡಗು ಕಂಪನಿಗಳು ಆರಂಭದಲ್ಲಿ ಹಿಂದೇಟು ಹಾಕಿದವು. ಆಮೇಲೆ ಕೆಲವು ದೊಡ್ಡ ಕಂಪನಿಗಳು ಸೇರಿದರೂ ವ್ಯವಹಾರವಾಗಿ ಅದು ನಿಲ್ಲಲು ಬೇಕಾದಷ್ಟು ಸಹಕಾರ ಕೂಡಿಬರಲಿಲ್ಲ. ತಂತ್ರಾಂಶ ಕೆಲಸ ಮಾಡುತ್ತಿತ್ತು, ಮಾಹಿತಿ ಕೊಡಬೇಕಾದವರಿಗೆ ನಂಬಿಕೆ ಬರಲಿಲ್ಲ. ನಿಮ್ಮ ಲೇಖನದ ಐದೂ ತಂತ್ರಜ್ಞಾನಗಳಿಗಿಂತ ಈ ಒಂದು ಸೋಲಿನಲ್ಲಿ ಓದುಗರು ಕಲಿಯಬಹುದಾದದ್ದು ಹೆಚ್ಚಿದೆ.

ಮುಖ್ಯ ಮಾತು ಇನ್ನು ಮುಂದಿದೆ. ಬೆಂಗಳೂರಿನಲ್ಲಿ ಸರಕು ಸಾಗಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಊರು ಸಕಲೇಶಪುರದ ಹತ್ತಿರ, ತಂದೆಗೆ ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ ಎಂದು ನಿಮ್ಮ ಪರಿಚಯದಲ್ಲಿ ಬರೆದುಕೊಂಡಿದ್ದೀರಿ. ಹಾಗಿದ್ದರೆ ಲೇಖನದಲ್ಲಿ ಕಾಫಿ ಯಾಕಿಲ್ಲ? ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಭಾಗ ಕರ್ನಾಟಕದ್ದು. ಬೆಳೆದದ್ದರಲ್ಲಿ ಹೆಚ್ಚಿನದು ರಫ್ತಾಗುತ್ತದೆ, ಅದರಲ್ಲಿ ದೊಡ್ಡ ಪಾಲು ಇಟಲಿ, ಜರ್ಮನಿಯಂಥ ಯುರೋಪಿನ ದೇಶಗಳಿಗೆ ಹೋಗುತ್ತದೆ. ಆ ಯುರೋಪಿಯನ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯ ನಿಯಮವೊಂದನ್ನು ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರ, ದನದ ಉತ್ಪನ್ನಗಳು ಅಲ್ಲಿಗೆ ಪ್ರವೇಶ ಪಡೆಯುವಂತಿಲ್ಲ. ಸರಕು ಬೆಳೆದ ತುಂಡು ನೆಲ ಭೂಪಟದಲ್ಲಿ ಎಲ್ಲಿದೆ ಎಂದು ಆಮದು ಮಾಡುವವರು ತೋರಿಸಬೇಕು. ಜಾರಿಯ ದಿನಾಂಕ ಎರಡು ಬಾರಿ ಮುಂದಕ್ಕೆ ಹೋಗಿದೆ, ನಿಯಮದ ವಿವರಗಳೂ ಬದಲಾಗುತ್ತಿವೆ. ನೀವು ಬರೆಯುವ ದಿನ ಅದು ಯಾವ ಸ್ಥಿತಿಯಲ್ಲಿದೆ ಎಂದು ಮೂಲ ದಾಖಲೆಯಲ್ಲಿಯೇ ನೋಡಿಕೊಳ್ಳಿ. ಏನೇ ಇರಲಿ, ಪೂರೈಕೆ ಸರಪಳಿಯ ಡಿಜಿಟಲ್ ಪರಿವರ್ತನೆ ನಿಮ್ಮ ತೋಟದ ಬೇಲಿಯವರೆಗೆ ಬಂದು ನಿಂತಿದೆ. ಕಾಫಿ ಮಂಡಳಿ ಬೆಳೆಗಾರರಿಂದ ಆ್ಯಪ್‌ನಲ್ಲಿ ತೋಟದ ವಿವರ ನೋಂದಾಯಿಸಿಕೊಳ್ಳುತ್ತಿದೆ.

ಆ ನೋಂದಣಿಯ ಮೊದಲ ನಮೂದನ್ನೇ ತೆಗೆದುಕೊಳ್ಳಿ. 2023ರ ಮೂಲ ಪಠ್ಯದ ಪ್ರಕಾರ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶ ಬಿಂದುವಿನ ನಂತರ ಕನಿಷ್ಠ 6 ಅಂಕಿಗಳವರೆಗೆ ಕೊಡಬೇಕು. ಆರನೆಯ ಅಂಕಿ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್ ಆಗುತ್ತದೆ, ಅಂದರೆ ಅರ್ಧ ಗೇಣು. ಬಯಲಿನಲ್ಲಿ ನಿಂತು ನೋಡಿದರೂ ಮೊಬೈಲ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಸಿಲ್ವರ್ ಓಕ್, ಅತ್ತಿ, ಹಲಸಿನ ಮರಗಳ ನೆರಳಿನಡಿ ನಿಂತರೆ ಆ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ಪರದೆಯ ಮೇಲೆ ಮಾತ್ರ ಆರೂ ಅಂಕಿಗಳು ಖಚಿತವಾಗಿ ಕಾಣುತ್ತವೆ. ಊರಿಗೆ ಹೋದಾಗ ತೋಟದ ಒಂದೇ ಗಡಿಕಲ್ಲಿನ ಬಳಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಿಂತು ಮೊಬೈಲ್ ತೋರಿಸುವ ಅಂಕಿಗಳನ್ನು ಬರೆದುಕೊಳ್ಳಿ. ಅವು ಎಷ್ಟು ಸರಿದಾಡುತ್ತವೆ ಎಂಬುದನ್ನು ಒಂದು ಪ್ಯಾರಾದಲ್ಲಿ ಬರೆಯಿರಿ. ಉಪಗ್ರಹ, ಜಿಪಿಎಸ್ ಕುರಿತ ನಿಮ್ಮ ಎರಡು ಪುಟಗಳ ಜಾಗಕ್ಕೆ ಅದೊಂದು ಸಾಕು.

ನಕ್ಷೆಯ ಕಥೆಯೂ ಇದೆ. ನಮ್ಮ ಕಾಫಿ ಮರದ ನೆರಳಿನಲ್ಲಿ ಬೆಳೆಯುವಂಥದ್ದು. ಮೇಲಿನಿಂದ ಚಿತ್ರ ತೆಗೆಯುವ ಉಪಗ್ರಹಕ್ಕೆ ಅದು ಕಾಡಿನಂತೆಯೇ ಕಾಣುತ್ತದೆ. ಮರಗಸಿ ಮಾಡಿದ, ಅಂದರೆ ನೆರಳಿನ ಮರಗಳ ಕೊಂಬೆ ಕಡಿದ ವರ್ಷ ಅದೇ ತೋಟ ತೆಳುವಾಗಿ, ಕಾಡು ಕಡಿದಂತೆ ಕಾಣಬಹುದು. ಚಿತ್ರವನ್ನು ಓದುವ ಕೃತಕ ಬುದ್ಧಿಮತ್ತೆಗೆ ಮರಗಸಿ ಎಂಬ ಕೆಲಸವೊಂದು ಇದೆಯೆಂದು ಯಾರಾದರೂ ಕಲಿಸಿದ್ದಾರೆಯೇ? ನೆರಳನ್ನು ಉಳಿಸಿಕೊಂಡು ಬಂದ ಬೆಳೆಗಾರನೇ ಸಂಶಯಕ್ಕೆ ಒಳಗಾದರೆ ಅದು ಅನ್ಯಾಯ, ಅದನ್ನು ಅನ್ಯಾಯವೆಂದೇ ಬರೆಯಬೇಕು.

ಆ್ಯಪ್ ಕೇಳುವ ಇನ್ನೊಂದು ಸಂಗತಿ ಭೂಮಿಯ ದಾಖಲೆ. ಸರಕು ಆಯಾ ದೇಶದ ಕಾನೂನಿನ ಪ್ರಕಾರ ಬೆಳೆದದ್ದಾಗಿರಬೇಕು ಎಂದೂ ನಿಯಮ ಹೇಳುತ್ತದೆ. ಈಗ ನಮ್ಮ ಮಲೆನಾಡಿನ ಪಹಣಿಗಳನ್ನು ನೆನಪಿಸಿಕೊಳ್ಳಿ. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದರೂ ಖಾತೆ ಅವರ ಹೆಸರಿನಲ್ಲೇ ಇರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿರುತ್ತಾರೆ, ಪೋಡಿ (ಅಳತೆ ಮಾಡಿ ಪಾಲುಗಳನ್ನು ಬೇರೆ ಬೇರೆಯಾಗಿ ದಾಖಲಿಸುವುದು) ಆಗಿರುವುದಿಲ್ಲ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ದಾಖಲೆಗಳ ತೊಡಕು ಬೇರೆಯೇ. ಕಾಫಿ ಬೆಳೆಯಲು ಒತ್ತುವರಿಯಾದ ಸರ್ಕಾರಿ ಜಮೀನನ್ನು ಗುತ್ತಿಗೆಗೆ ಕೊಡುವ ವಿಚಾರ ವರ್ಷಗಳಿಂದ ನಡೆಯುತ್ತಲೇ ಇದೆ. ಇವು ತಾಲ್ಲೂಕು ಕಚೇರಿಯಲ್ಲಿ ಬಗೆಹರಿಯಬೇಕಾದ ಪ್ರಶ್ನೆಗಳು. ಯಾವ ಬ್ಲಾಕ್‌ಚೈನ್ ಕೂಡ ಪೋಡಿ ಮಾಡಿಕೊಡುವುದಿಲ್ಲ. ತೋಟದಲ್ಲಿ ನಿಂತು ಆ್ಯಪ್ ತುಂಬುವ ಚಿಕ್ಕ ಬೆಳೆಗಾರ ಮೊದಲು ಎಡವುವುದು ಇಲ್ಲಿಯೇ, ನಿಮ್ಮ ಲೇಖನದಲ್ಲಿ ಇದರ ಸುಳಿವೂ ಇಲ್ಲ.

ಮುಂದಿನದು ಪಟ್ಟಣದ ವ್ಯಾಪಾರಿಯ ಗೋದಾಮು. ಅದನ್ನು ನೀವು ಚಿಕ್ಕಂದಿನಿಂದ ನೋಡಿರುತ್ತೀರಿ, ಆದ್ದರಿಂದ ಇಲ್ಲಿ ನಿಧಾನಿಸಿ. ಕಣದಲ್ಲಿ ಒಣಗಿಸಿದ ಚೆರಿ, ಅಂದರೆ ಸಿಪ್ಪೆ ಸಮೇತ ಕಾಫಿ ಹಣ್ಣು, 50 ಕಿಲೋ ಚೀಲಗಳಲ್ಲಿ ಪಿಕಪ್ ವಾಹನದಿಂದ ಇಳಿಯುತ್ತದೆ. ಚೀಲದಿಂದ ಮಾದರಿ ತೆಗೆಯುತ್ತಾರೆ, ತೇವಾಂಶ ನೋಡುತ್ತಾರೆ, ಸಿಪ್ಪೆ ಬಿಡಿಸಿ ಬೀಜ ತೂಗಿ ಔಟ್‌ಟರ್ನ್ ಲೆಕ್ಕ ಹಾಕುತ್ತಾರೆ. ಒಂದು ಚೀಲ ಚೆರಿಗೆ ಎಷ್ಟು ಕಿಲೋ ಬೀಜ ಎಂಬ ಆ ಅಂಕಿಯ ಮೇಲೆ ದರ ನಿಲ್ಲುತ್ತದೆ. ಆ ಮಾದರಿಯನ್ನು ಚೀಲದ ಬಾಯಿಯಿಂದ ತೆಗೆದರೋ ತಳದಿಂದ ತೆಗೆದರೋ? ತೇವ ನೋಡುವ ಯಂತ್ರವನ್ನು ಯಾರು, ಯಾವಾಗ ಪರೀಕ್ಷಿಸಿದ್ದಾರೆ? ಅಂಕಿಯನ್ನು ಬೆಳೆಗಾರ ತಾನೇ ಓದಿದನೋ, ಅವನಿಗೆ ಹೇಳಿದರೋ? ಇದೆಲ್ಲ ಮುಗಿದ ಮೇಲೆ ಚೀಲಗಳನ್ನು ಸುರಿಯುತ್ತಾರೆ. ಹತ್ತಾರು ತೋಟಗಳ ಚೆರಿ ಒಂದೇ ರಾಶಿಯಾಗುತ್ತದೆ. ಅಲ್ಲಿಂದ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ, ಅಲ್ಲಿಂದ ಬಂದರಿಗೆ ಹೋಗುವುದು ಆ ರಾಶಿ. ಯುರೋಪಿನ ನಿಯಮ ಮೂಲ ಗೊತ್ತಿಲ್ಲದ ಸರಕನ್ನು ಗೊತ್ತಿರುವ ಸರಕಿನೊಂದಿಗೆ ಬೆರೆಸಲು ಬಿಡುವುದಿಲ್ಲ. ಹಾಗಾದರೆ ವ್ಯಾಪಾರಿ ಏನು ಮಾಡಬೇಕು? ಪ್ರತಿ ತೋಟದ್ದನ್ನು ಬೇರೆ ಇಡಲು ಜಾಗವೆಲ್ಲಿದೆ, ಕೂಲಿಯ ಖರ್ಚು ಯಾರದು? ಅವರನ್ನೇ ಕೇಳಿ ಬರೆಯಿರಿ.

ಆ ವ್ಯಾಪಾರಿಯನ್ನೇ ನೀವು ‘ಮಧ್ಯವರ್ತಿ’ ಎಂದು ಕರೆದು ಒಂದೇ ವಾಕ್ಯದಲ್ಲಿ ಅಳಿಸಿಹಾಕಿದ್ದೀರಿ. ಕೊಯ್ಲು ಶುರುವಾದ ಮೇಲೆ ವಾರವಾರವೂ ಆಳುಗಳಿಗೆ ಬಟವಾಡೆ ಮಾಡಲು, ಮಳೆಗಾಲಕ್ಕೆ ಮೊದಲು ಗೊಬ್ಬರ ತರಲು ಚಿಕ್ಕ ಬೆಳೆಗಾರ ಮುಂಗಡಕ್ಕಾಗಿ ಎಷ್ಟೋ ಬಾರಿ ಅವರ ಬಳಿಗೇ ಹೋಗುತ್ತಾನೆ. ಆ ಋಣವಿರುವಾಗ ಬೇರೆಡೆ ಹೆಚ್ಚು ದರ ಸಿಗುತ್ತದೆ ಎಂದು ಮೊಬೈಲ್ ತೋರಿಸಿದರೂ ಚೆರಿ ಅಲ್ಲಿಗೆ ಹೋಗುವುದಿಲ್ಲ. 2019ರ ಮಾರ್ಚ್‌ನಲ್ಲಿ ಕಾಫಿ ಮಂಡಳಿ ಬ್ಲಾಕ್‌ಚೈನ್ ಆಧಾರಿತ ಮಾರಾಟ ವೇದಿಕೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಬೆಳೆಗಾರ ನೇರವಾಗಿ ಕೊಳ್ಳುವವನನ್ನು ತಲುಪಲಿ ಎಂಬುದು ಅದರ ಉದ್ದೇಶ. ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿರುವ ಮಂಡಳಿಯ ಕಚೇರಿಗೆ ಹೋಗಿ, ಎಷ್ಟು ಬೆಳೆಗಾರರು ಅದರಲ್ಲಿ ಮಾರಿದರು, ಅವರಲ್ಲಿ ನಾಲ್ಕು ಎಕರೆಯವರು ಎಷ್ಟು ಮಂದಿ ಎಂದು ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.

ಡಿಜಿಟಲ್ ಎಂದರೆ ಬರೀ ತೊಂದರೆ ಎಂದು ಬರೆಯಬೇಕೆಂಬ ಒತ್ತಾಯ ನನ್ನದಲ್ಲ. ನಿಜವಾಗಿ ಬದಲಾದದ್ದನ್ನು ಬದಲಾಗಿದೆ ಎಂದೇ ಬರೆಯಿರಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು ಹೋದವು. 2018ರ ಏಪ್ರಿಲ್ 1ರಿಂದ ಸರಕು ಸಾಗಣೆಗೆ ಆನ್‌ಲೈನಿನಲ್ಲಿ ಪಡೆಯುವ ಇ-ವೇ ಬಿಲ್ ಬಂದಿತು, ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಅದನ್ನು ಜಾರಿಗೆ ತಂದ ರಾಜ್ಯ ಕರ್ನಾಟಕ. ತೆರಿಗೆ ತನಿಖೆಗೆಂದು ಗಡಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದ ಲಾರಿ ಈಗ ಹಾಗೆ ನಿಲ್ಲುವುದಿಲ್ಲ. ಇದು ಚಾಲಕನ ಊಟ, ನಿದ್ದೆಗಳಿಗೆ ತಟ್ಟಿದ ಬದಲಾವಣೆ. ಲಾರಿ ದಾರಿಯಲ್ಲಿ ಕೆಟ್ಟು ಸರಕನ್ನು ಬೇರೆ ಲಾರಿಗೆ ಹಾಕಿದರೆ ಬಿಲ್ಲಿನ ಎರಡನೆಯ ಭಾಗದಲ್ಲಿ ಹೊಸ ವಾಹನದ ಸಂಖ್ಯೆ ತುಂಬಬೇಕು, 200 ಕಿಲೋಮೀಟರಿಗೆ ಒಂದು ದಿನದಂತೆ ಅದರ ಅವಧಿ ಮುಗಿಯುತ್ತಾ ಬರುತ್ತದೆ. ಸರಕು ಸಾಗಣೆಯ ಸಾಫ್ಟ್‌ವೇರ್ ಬರೆಯುವ ನಿಮಗೆ ಇದು ದಿನನಿತ್ಯದ ಕೆಲಸ. ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲಿ ಲಾರಿ ಕೆಟ್ಟಾಗ ಅದನ್ನು ಯಾರು ತುಂಬುತ್ತಾರೆ, ನಿಮ್ಮ ಕಂಪನಿಗೆ ಯಾರ ಕರೆ ಬರುತ್ತದೆ? ಗೋಪ್ಯತೆಗೆ ಧಕ್ಕೆಯಾಗದಂತೆ, ಹೆಸರು ಹೇಳದೆ ಬರೆಯಬಹುದು.

ಡಿಜಿಟಲ್ ಅವಳಿ ಮತ್ತು ಡ್ರೋನ್ ಭಾಗಗಳನ್ನು ಪೂರ್ತಿ ಬಿಟ್ಟುಬಿಡಿ, ಅವುಗಳಲ್ಲಿ ನಿಮ್ಮದೆನ್ನುವುದು ಏನೂ ಇಲ್ಲ. ‘ಇಂದಿನ ಜಾಗತೀಕರಣದ ಯುಗದಲ್ಲಿ’ ಎಂಬ ಪೀಠಿಕೆಯೂ ಬೇಡ, ನೇರವಾಗಿ ಚೀಲ ಇಳಿಯುವಲ್ಲಿಂದ ಆರಂಭಿಸಿ. ಅಂಕಿ ಕೊಟ್ಟಲ್ಲೆಲ್ಲ ಅದು ಎಲ್ಲಿಂದ ಬಂದಿತೆಂದು ನನಗೆ ಪ್ರತ್ಯೇಕ ಹಾಳೆಯಲ್ಲಿ ತಿಳಿಸಿ, ನಾವು ಪರಿಶೀಲಿಸುತ್ತೇವೆ. ತಂದೆಯವರ ಹೆಸರು, ತೋಟದ ಸರ್ವೆ ನಂಬರ್, ವ್ಯಾಪಾರಿಯ ಹೆಸರು ಲೇಖನದಲ್ಲಿ ಬರಬಾರದು. ಅವರ ಮಾತುಗಳನ್ನು ಬಳಸುವ ಮೊದಲು ಓದಿ ಹೇಳಿ ಒಪ್ಪಿಗೆ ಪಡೆಯಿರಿ. ತಂದೆಯವರು ನೋಂದಣಿ ಮಾಡಿಸಿದ್ದಾರೆಯೇ, ಯಾರ ಕೈಯಿಂದ ಮಾಡಿಸಿದರು, ಎಷ್ಟು ಸಲ ಓಡಾಡಿದರು, ಅದರಿಂದ ದರದಲ್ಲಿ ಒಂದು ರೂಪಾಯಿಯಾದರೂ ಹೆಚ್ಚು ಸಿಕ್ಕಿತೇ ಎಂದು ಕೇಳಿ. ಮನೆಯವರನ್ನು ಹೀಗೆ ಬಾಯಿಬಿಡಿಸುವುದು ಅಪರಿಚಿತರನ್ನು ಕೇಳುವುದಕ್ಕಿಂತ ಕಷ್ಟ, ಆದರೂ ಕೇಳಿ.

ರೊಬಸ್ಟಾ ಕೊಯ್ಲು ಡಿಸೆಂಬರ್ ಹೊತ್ತಿಗೆ ಶುರುವಾಗುತ್ತದೆ. ಕಣದಿಂದ ಚೀಲ ಗೋದಾಮಿಗೆ ಹೋಗುವ ದಿನ ಊರಿನಲ್ಲಿರುವಂತೆ ರಜೆ ಹೊಂದಿಸಿಕೊಳ್ಳಿ, ಚೀಲಗಳೊಂದಿಗೆ ನೀವೂ ಹೋಗಿ. ತೂಕದ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ಹೆಸರು ಮರೆಮಾಡಿ ಲೇಖನದ ಜೊತೆ ಅದನ್ನೂ ಹಾಕೋಣ. ಫೆಬ್ರುವರಿ ಮುಗಿಯುವುದರೊಳಗೆ 2,000 ಪದಗಳ ಮಿತಿಯಲ್ಲಿ ಹೊಸ ಕರಡು ಕಳುಹಿಸಿ. ಅದನ್ನು ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ