ಅಣಬೆ ಅರೆದು ಸಿಂಪಡಿಸಿದರೆ ಕೀಡೆ ಸಾಯುವುದೇ?

ಪ್ರಶ್ನೆ: ಶಿಲೀಂಧ್ರಗಳ ಪ್ರೋಟೀನಿನಿಂದ ಬೆಳೆಯ ಕೀಟಗಳನ್ನು ಕೊಲ್ಲಬಹುದೆಂದು ಓದಿದೆ. ನಾವು ಸೋಯಾಬೀನಿಗೆ ಹೊಡೆಯುವ ಮೆಟಾರೈಜಿಯಂ ಪುಡಿಯೂ ಅದೇ ಏನು? ಮನೆಯಲ್ಲಿ ಬೆಳೆಯುವ ಚಿಪ್ಪಣಬೆಯನ್ನೇ ಅರೆದು ಸಿಂಪಡಿಸಬಹುದೇ?
– ರೈತ ಮಹಿಳೆ, ಧಾರವಾಡ ಜಿಲ್ಲೆ

ಉತ್ತರ: ಎರಡೂ ಬೇರೆ ಬೇರೆ. ಮೆಟಾರೈಜಿಯಂ ಪುಡಿಯಲ್ಲಿರುವುದು ಅದೇ ಹೆಸರಿನ ಶಿಲೀಂಧ್ರದ ಜೀವಂತ ಬೀಜಕಣ. ಅದು ಕೀಡೆಯ ಮೈಮೇಲೆ ಮೊಳೆತು, ಚರ್ಮ ಕೊರೆದು ಒಳಹೊಕ್ಕು, ಕೆಲವು ದಿನಗಳಲ್ಲಿ ಅದನ್ನು ಕೊಲ್ಲುತ್ತದೆ. ಸತ್ತ ಕೀಡೆ ಸೆಟೆದು, ಮೊದಲು ಬಿಳಿ ಬೂಷ್ಟು, ಆಮೇಲೆ ಹಸಿರು ಪುಡಿ ಮೆತ್ತಿಕೊಂಡು ಎಲೆಗೆ ಅಂಟಿರುವುದನ್ನು ನೀವು ಕಂಡಿರಬಹುದು. ಪ್ರೋಟೀನು ಹಾಗೆ ಮೊಳೆಯುವುದಿಲ್ಲ. ಸಾಮಾನ್ಯವಾಗಿ ಕೀಟ ಅದನ್ನು ತಿನ್ನಬೇಕು, ಅದು ಕರುಳಿನಲ್ಲಿ ಜೀರ್ಣವಾಗದೆ ಉಳಿದು ಅಲ್ಲಿನ ಗೋಡೆಗೆ ಅಂಟಬೇಕು.

ಇದಕ್ಕೆ ನಿಮ್ಮ ಊರಿನ ಕಡೆಯದೇ ಉದಾಹರಣೆಯಿದೆ. ಸೊರಗಿದ ಶೇಂಗಾ ಗಿಡವನ್ನು ಕಿತ್ತು ನೋಡಿದರೆ ಬುಡದಲ್ಲಿ ಬಿಳಿ ನೂಲಿನಂಥ ಎಳೆಗಳೂ ಅವುಗಳ ನಡುವೆ ಸಾಸಿವೆ ಕಾಳಿನಷ್ಟು ಕಂದು ಗುಂಡುಗಳೂ ಕಾಣುತ್ತವೆ. ಬುಡ ಕೊಳೆಸುವ ಈ ಶಿಲೀಂಧ್ರದ ಹೆಸರು ಸ್ಕ್ಲೆರೋಷಿಯಂ ರಾಲ್ಫ್ಸಿ. ಇದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ಕೀಟದ ಕರುಳಿನ ಸಕ್ಕರೆ ಅಣುಗಳನ್ನು ಹಿಡಿದುಕೊಳ್ಳುತ್ತದೆ. ಧಾರವಾಡದ ವಿಜ್ಞಾನಿಗಳು ಇದರ ವಂಶವಾಹಿಯನ್ನು ಹತ್ತಿಗೆ ಸೇರಿಸಿ, ರಸ ಹೀರುವ ಹೇನು ಮತ್ತು ಎಲೆ ತಿನ್ನುವ ಸ್ಪೊಡಾಪ್ಟೆರಾ ಕೀಡೆ ಎರಡನ್ನೂ ಆ ಗಿಡ ತಡೆಯುವುದನ್ನು 2018ರಲ್ಲಿ ವರದಿ ಮಾಡಿದರು. ರೈತನ ಬೆಳೆಯನ್ನು ಕೆಡಿಸುವ ಶಿಲೀಂಧ್ರದಿಂದಲೇ ಬೆಳೆಗೆ ರಕ್ಷಣೆ ಹುಡುಕಿದ ಈ ಕೆಲಸ ನನಗೆ ಬಹಳ ಮೆಚ್ಚುಗೆಯಾದದ್ದು.

ಚಿಪ್ಪಣಬೆಯ ಬಗ್ಗೆ ನೀವು ಕೇಳಿದ್ದರಲ್ಲಿಯೂ ಹುರುಳಿದೆ. ಅದರ ಎರಡು ಪ್ರೋಟೀನುಗಳು ಜೊತೆಗೂಡಿದಾಗ ಕೀಟದ ಕರುಳಿನ ಕೋಶಗಳ ಪೊರೆಗೆ ರಂಧ್ರ ಕೊರೆಯುತ್ತವೆಂದು ಸ್ಲೊವೇನಿಯಾದ ಸಂಶೋಧಕರು ತೋರಿಸಿದ್ದಾರೆ. ಅವು ಹಿಡಿಯುವ ಕೊಬ್ಬಿನ ಅಣು ಕೀಟಗಳ ಪೊರೆಯಲ್ಲಿ ಹೇರಳ, ನಮ್ಮ ಪೊರೆಯಲ್ಲಿ ಅತ್ಯಲ್ಪ. ಆದರೆ ಆ ಪ್ರಯೋಗ ನಡೆದದ್ದು ಆಲೂಗಡ್ಡೆಯ ಕೊಲೊರಾಡೊ ದುಂಬಿ, ಮೆಕ್ಕೆಜೋಳದ ಬೇರುಹುಳುವಿನಂಥ ಹೊರದೇಶದ ಪೀಡೆಗಳ ಮೇಲೆ, ಶುದ್ಧಗೊಳಿಸಿದ ಪ್ರೋಟೀನಿನಿಂದ. ಅರೆದ ಅಣಬೆಯಲ್ಲಿ ಪ್ರೋಟೀನು ಎಷ್ಟಿದೆ ಎಂಬ ಅಳತೆ ಸಿಗದು, ಬಿಸಿಲಿಗೆ ಅದು ಕೆಡುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಆದ್ದರಿಂದ ಅರೆದು ಹೊಡೆಯಬೇಡಿ. ಶ್ರಮವೂ ಅಣಬೆಯೂ ವ್ಯರ್ಥವಾಗುತ್ತವೆ.

ಸದ್ಯಕ್ಕೆ ನಿಮ್ಮ ಕೈಗೆಟಕುವುದು ಮೆಟಾರೈಜಿಯಂ ಪುಡಿಯೇ. ಕೀಡೆ ಚಿಕ್ಕದಿರುವಾಗ, ಗಾಳಿಯಲ್ಲಿ ತೇವವಿರುವ ದಿನ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಿ, ಮತ್ತು ಅದರೊಂದಿಗೆ ಶಿಲೀಂಧ್ರನಾಶಕವನ್ನು ಬೆರೆಸಬೇಡಿ.