ಎಂಎಂಎ ಫೈಟರ್‌ಗಳ ಜೊತೆ ಅಭ್ಯಾಸ ಮಾಡಿದರೆ ಜಿಯು-ಜಿಟ್ಸು ಕೆಡುತ್ತಾ?

ಪ್ರಶ್ನೆ: ನಾನು ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ (ಹೊಡೆತವಿಲ್ಲದೆ, ನೆಲದ ಮೇಲೆ ಹಿಡಿದು ಸೋಲಿಸುವ ಆಟ) ಬ್ಲೂ ಬೆಲ್ಟ್. ಈಚೆಗೆ ನಮ್ಮ ನೋ-ಗಿ (ಗಿ ಎಂಬ ದಪ್ಪ ಜಾಕೆಟ್ ಇಲ್ಲದ) ಕ್ಲಾಸಿಗೆ ಎಂಎಂಎ (ಹೊಡೆತ, ಕುಸ್ತಿ ಎಲ್ಲ ಸೇರಿದ ಕಾದಾಟ) ಫೈಟರ್‌ಗಳೂ ಬರುತ್ತಿದ್ದಾರೆ. ಸೈಡ್ ಕಂಟ್ರೋಲ್ (ಪಕ್ಕದಿಂದ ಎದೆಯ ಮೇಲೆ ಭಾರ ಹಾಕಿ ಅದುಮುವುದು) ಹಿಡಿದರೂ ಎದ್ದು ಹೋಗುತ್ತಾರೆ, ಕೆಳಗಿದ್ದು ಕಾಲುಗಳಿಂದ ತಡೆಯುವ ನನ್ನ ಗಾರ್ಡ್ ಅವರ ಮುಂದೆ ನಡೆಯುವುದೇ ಇಲ್ಲ. ನನಗೆ ಕೇಜಿಗೆ ಇಳಿಯುವ ಆಸೆಯೇನಿಲ್ಲ. ಇವರ ಜೊತೆ ಆಡಿ ಏನಾದರೂ ಲಾಭ ಇದೆಯಾ?

ಉತ್ತರ: ಲಾಭ ಇದೆ, ಅದೂ ನೀವು ಹೇಳಿದ ಆ 'ಎದ್ದು ಹೋಗುವ' ವಿಷಯದಲ್ಲೇ. ಜಿಯು-ಜಿಟ್ಸು ಸ್ಪರ್ಧೆಯಲ್ಲಿ ಗಾರ್ಡ್ ಪಾಸ್ ಮಾಡಿದರೆ (ಆ ಕಾಲುಗಳನ್ನು ದಾಟಿದರೆ) 3 ಪಾಯಿಂಟ್, ಮೈಮೇಲೆ ಏರಿ ಕೂರುವ ಮೌಂಟ್‌ಗೆ 4. ಆ 3 ಹೋದ ಮೇಲೆ ಕೆಳಗಿರುವವರು ಸಾಮಾನ್ಯವಾಗಿ ಸುಮ್ನೆ ಮಲಗಿ ಉಸಿರು ಎಳೆದುಕೊಂಡು, ಆಮೇಲೆ ನೋಡೋಣ ಅಂತಾರೆ. ಎಂಎಂಎಯವರಿಗೆ ಆ ಬಿಡುವಿಲ್ಲ, ಕೆಳಗಿದ್ದಷ್ಟು ಹೊತ್ತೂ ಮುಖಕ್ಕೆ ಏಟು. ಹಾಗಾಗಿ ನೀವು ಭಾರ ಹಾಕುವ ಮೊದಲೇ ಅವರು ಅಂಡರ್‌ಹುಕ್ ತೆಗೆದು (ನಿಮ್ಮ ಕಂಕುಳಡಿಗೆ ಕೈ ತೂರಿಸಿ), ಮೊಣಕೈ ಊರಿ, ಬೇಕಾದರೆ ಅರೆಕ್ಷಣ ಬೆನ್ನನ್ನೂ ಕೊಟ್ಟು ನಿಂತುಬಿಡುತ್ತಾರೆ. ಅಂದರೆ ಇಷ್ಟು ದಿನ ನಿಮ್ಮ ಸೈಡ್ ಕಂಟ್ರೋಲ್ ನಿಂತಿದ್ದು ಅರ್ಧ ನಿಮ್ಮ ಬಲದಿಂದ, ಇನ್ನರ್ಧ ಎದುರಾಳಿಯ ಸೋಮಾರಿತನದಿಂದ. ಎಂಎಂಎ ಚಾಂಪಿಯನ್ ಆಗಿದ್ದ ಖಬೀಬ್ ನುರ್ಮಗೊಮೆಡೊವ್ ಆಟ ನೋಡಿ: ಮೊದಲು ಕಾಲುಗಳನ್ನು ಕಟ್ಟಿಹಾಕುತ್ತಿದ್ದರು, ಆಮೇಲೆ ಎದುರಾಳಿ ಊರಲು ಹೋಗುವ ಕೈಯ ಮಣಿಕಟ್ಟನ್ನೇ ಹಿಡಿಯುತ್ತಿದ್ದರು. ಅದು ನಿಮಗೂ ಬರಬೇಕು.

ಗಾರ್ಡ್ ವಿಷಯಕ್ಕೆ ಒಂದು ಪ್ರಯೋಗ ಮಾಡಿ. ಜೊತೆಗಾರರನ್ನು ಕ್ಲೋಸ್ಡ್ ಗಾರ್ಡ್‌ನಲ್ಲಿ (ಅವರ ಸೊಂಟಕ್ಕೆ ನಿಮ್ಮ ಕಾಲು ಸುತ್ತಿ) ಕೂರಿಸಿಕೊಂಡು, ಅಂಗೈಯಿಂದ ಮೆಲ್ಲಗೆ ಹಣೆಗೆ ತಟ್ಟುತ್ತಿರು ಅಂತ ಹೇಳಿ. ಅವರು ಬೆನ್ನು ನೇರ ಮಾಡಿದ ಕೂಡಲೇ ತಟ್ಟು ಬೀಳುತ್ತದೆ. ಮಂಡಿಗಳನ್ನು ಎದೆಯ ಕಡೆ ಎಳೆದು ಅವರ ತಲೆಯನ್ನು ನಿಮ್ಮ ಎದೆಗೆ ತಂದು ಒಂದು ಕೈಗೆ ಓವರ್‌ಹುಕ್ ಹಾಕಿದರೆ (ಅದರ ಮೇಲಿಂದ ನಿಮ್ಮ ಕೈ ಸುತ್ತಿದರೆ) ನಿಲ್ಲುತ್ತದೆ. ಒಂದೋ ಪೂರ್ತಿ ದೂರ, ಇಲ್ಲವೇ ಪೂರ್ತಿ ಅಂಟಿಕೊಂಡು, ಮಧ್ಯದ ಜಾಗ ಅಪಾಯ. ಇದನ್ನು ಎಷ್ಟು ಸಲ ಬಾಯಲ್ಲಿ ಹೇಳಿದರೂ ತಲೆಗೆ ಹೋಗಲ್ಲ, ಎರಡು ತಟ್ಟು ಬಿದ್ದರೆ ಹೋಗುತ್ತದೆ!

1993ರಲ್ಲಿ ಡೆನ್ವರ್‌ನ ಮೊದಲ ಯುಎಫ್‌ಸಿಯಲ್ಲಿ (ಎಂಎಂಎಯ ದೊಡ್ಡ ಸ್ಪರ್ಧೆ) ಜಿಯು-ಜಿಟ್ಸುವಿನ ರಾಯ್ಸ್ ಗ್ರೇಸಿ ಗೆದ್ದಾಗ ಎದುರಾಳಿಗಳಿಗೆ ನೆಲದ ಆಟ ಅಷ್ಟಾಗಿ ಗೊತ್ತಿರಲಿಲ್ಲ. 2006ರಲ್ಲಿ ಕುಸ್ತಿಯಿಂದ ಬಂದ ಮ್ಯಾಟ್ ಹ್ಯೂಸ್ ಅದೇ ರಾಯ್ಸ್‌ರನ್ನು ಮೊದಲ ರೌಂಡಿನಲ್ಲೇ ನೆಲದ ಮೇಲೇ ಸೋಲಿಸಿದರು. ಈಗಿನ ಫೈಟರ್‌ಗಳು ಆ ಕುಸ್ತಿಯನ್ನೂ ಕಲಿತೇ ಬಂದಿರುತ್ತಾರೆ. ನಿಂತ ಆಟದಲ್ಲಿ, ಗೋಡೆಗೆ ಒತ್ತಿ ಹಿಡಿಯುವುದರಲ್ಲಿ ನಮ್ಮ ಜಿಯು-ಜಿಟ್ಸುವಿನವರಿಗಿಂತ ಜಾಸ್ತಿ ಪಳಗಿದವರು, ಅಲ್ವಾ? ಕೇಳಿ ಕಲಿಯಿರಿ.

ಹಾಗಂತ ಗಿ ಕ್ಲಾಸ್ ಬಿಡಬೇಡಿ. ಕಾಲರ್, ತೋಳಿನ ಹಿಡಿತದ ಆಟವನ್ನು ಇವರು ಕಲಿಸಲಾರರು. ಹೀಲ್ ಹುಕ್ (ಹಿಮ್ಮಡಿ ಹಿಡಿದು ಕಾಲು ತಿರುಚುವುದು) ಇದೆಯೋ ಇಲ್ಲವೋ ಅಂತ ರೌಂಡಿಗೆ ಮೊದಲೇ ಮಾತಾಡಿಕೊಳ್ಳಿ. ಫೈಟ್ ಹತ್ತಿರ ಬಂದವರು ಮಾತ್ರ ಜಾಸ್ತಿ ಜೋರಾಗಿ ಆಡುತ್ತಾರೆ, ಆ ವಾರಗಳಲ್ಲಿ ಬೇರೆ ಜೋಡಿ ಹುಡುಕಿಕೊಳ್ಳಿ.